ನಾಯಿ ಇರೋ ಮನೆಯ ಹಿತ್ತಲಲ್ಲಿ ಪಟ್ಟಿಂಗ್ ಗ್ರೀನ್: ಹುಲ್ಲಿಗಿಂತ ಮೊದಲು ನೆಲ ನೋಡಿ

ಇವತ್ತಿನ ವಿಷಯ ಸ್ವಲ್ಪ ಶೋಕಿದು ಅನ್ನಿಸಬಹುದು. ಆದ್ರೆ ಪುಣೆ, ಹೈದರಾಬಾದ್ ಕಡೆ ರೋ ಹೌಸ್ ತಗೊಂಡಿರೋ ನಮ್ಮವರು ಕೇಳ್ತಾನೇ ಇದ್ದಾರೆ: "ಹಿತ್ತಲಲ್ಲಿ ಕೃತಕ ಹುಲ್ಲು ಹಾಸಿ ಒಂದು ಸಣ್ಣ ಪಟ್ಟಿಂಗ್ ಗ್ರೀನ್ ಮಾಡ್ಬೇಕು, ಮನೇಲಿ ನಾಯಿ ಇದೆ, ಆಗುತ್ತಾ?" ಆಗುತ್ತೆ. ಆದರೆ ಗಾಲ್ಫ್ ಚೆಂಡಿಗೆ ಬೇಕಾದ್ದು ಬೇರೆ, ನಾಯಿಗೆ ಬೇಕಾದ್ದು ಬೇರೆ. ಇವೆರಡರ ಮಧ್ಯೆ ಎಲ್ಲಿ ಜಗಳ ಬರುತ್ತೆ, ಹೇಗೆ ರಾಜಿ ಮಾಡಿಸೋದು ಅಂತ ನೋಡೋಣ. ನಾನಿರೋದು ಪುಣೆಯಲ್ಲಿ. ಹಿತ್ತಲು 10 ಅಡಿ ಅಗಲ, 20 ಅಡಿ ಉದ್ದ. ಅದರ ನಿಜವಾದ ಯಜಮಾನ ನಮ್ಮ ಚಿಂಟು, ಬೀದಿಯಿಂದ ಬಂದ ದೇಸಿ ನಾಯಿ.

ಮೊದಲು ನೆಲ

ನಮ್ಮ ಗದಗ, ಧಾರವಾಡದ ಕಡೆಯವರಿಗೆ ಎರೆಮಣ್ಣಿನ ಗುಣ ಹೇಳಬೇಕಾಗಿಲ್ಲ. ಮಳೆ ಬಂದ್ರೆ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ. ಪುಣೆಯ ಸುಮಾರು ಕಡೆ ಇದೇ ಮಣ್ಣು. ಇದರ ಮೇಲೆ ನೇರವಾಗಿ ಹುಲ್ಲು ಹಾಸಿದರೆ ಒಂದೇ ಮಳೆಗಾಲಕ್ಕೆ ನೆಲ ಏರುಪೇರಾಗುತ್ತೆ. ನನ್ನ ಹತ್ತಿರ ಬಂದ ಒಬ್ಬ ಗುತ್ತಿಗೆದಾರ "ಲೆವೆಲ್ ಮಾಡಿ ಹಾಸಿಬಿಡ್ತೀನಿ ಸರ್, ಅರ್ಧ ದಿನದ ಕೆಲಸ" ಅಂದ. ಅರ್ಧ ದಿನ ಅಂದವರನ್ನ ಬಾಗಿಲಲ್ಲೇ ವಾಪಸ್ ಕಳಿಸಿ.

ಸರಿಯಾದ ಕ್ರಮ ಹೀಗಿದೆ. 4ರಿಂದ 6 ಇಂಚು ಮಣ್ಣು ತೆಗೆಯಿರಿ. ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ. ಅದು ಮಣ್ಣು ಮೇಲಕ್ಕೆ ಬರದ ಹಾಗೆ ತಡೆಯುತ್ತೆ, ನೀರನ್ನ ಮಾತ್ರ ಬಿಡುತ್ತೆ. ಅದರ ಮೇಲೆ 3ರಿಂದ 4 ಇಂಚು ಜಲ್ಲಿ ಹಾಕಿ, ಪದರ ಪದರವಾಗಿ ಕಂಪ್ಯಾಕ್ಟರ್‌ನಲ್ಲಿ ದಮ್ಮಾಸು ಮಾಡಿಸಿ. ಕೊನೆಗೆ 1 ಇಂಚು ಕಲ್ಲಿನ ಪುಡಿ. ಇಳಿಜಾರು ಶೇ 1ರಿಂದ 2 ಇರಲಿ, ಅಂದರೆ 10 ಅಡಿಗೆ ಸುಮಾರು ಒಂದೂಕಾಲಿಂದ ಎರಡೂವರೆ ಇಂಚು. ನೀರೂ ಹರಿಯುತ್ತೆ, ಚೆಂಡು ಸ್ವಲ್ಪ ತಿರುಗೋದ್ರಿಂದ ಆಟಕ್ಕೂ ಮಜಾ.

ಟೆರೇಸ್ ಇರೋರು ಗಮನಿಸಿ: ಮೊದಲು ವಾಟರ್‌ಪ್ರೂಫಿಂಗ್, ಆಮೇಲೆ ಹುಲ್ಲು. ನೀರು ಹರಿಯೋಕೆ ಅಡಿಯಲ್ಲಿ ಡ್ರೈನೇಜ್ ಮ್ಯಾಟ್ ಹಾಕಿ. ಮೊಳೆ ಮಾತ್ರ ಖಂಡಿತ ಬೇಡ, ಕೆಳಗಿನ ಮನೆಯವರ ಸೀಲಿಂಗ್ ನೆನಪಿರಲಿ.

ಯಾವ ಹುಲ್ಲು?

ಪಟ್ಟಿಂಗ್ ಹುಲ್ಲು 10ರಿಂದ 15 ಮಿ.ಮೀ. ಗಿಡ್ಡ, ದಟ್ಟ. ತೋಟಕ್ಕೆ ಹಾಕೋದು 25ರಿಂದ 40 ಮಿ.ಮೀ. ಉದ್ದ. ಗ್ರೀನ್ ಮೇಲೆ ಚೆಂಡು ಎಷ್ಟು ಓಡುತ್ತೆ ಅಂತ ಅಳೆಯೋಕೆ ಸ್ಟಿಂಪ್‌ಮೀಟರ್ ಅಂತ ಒಂದು ಗಾಡಿ ಇರೋ ಪಟ್ಟಿ ಇದೆ. ಎಡ್ವರ್ಡ್ ಸ್ಟಿಂಪ್ಸನ್ 1935ರಲ್ಲಿ ಮಾಡಿದ್ದು. ಅದರಿಂದ ಇಳಿದ ಚೆಂಡು ಎಷ್ಟು ಅಡಿ ಉರುಳಿತೋ ಅದೇ ಗ್ರೀನ್‌ನ ವೇಗ. ಹುಲ್ಲು ಉದ್ದವಾದಷ್ಟೂ ವೇಗ ಕಡಿಮೆ.

ಜಗಳ ಶುರುವಾಗೋದು ಇಲ್ಲೇ. ನೈಲಾನ್ ಗಟ್ಟಿ, ಚೆಂಡಿಗೆ ಒಳ್ಳೇದು. ಆದರೆ ಅದು ತೇವ ಹೀರುತ್ತೆ, ಅಂದ್ರೆ ನಾಯಿಯ ಉಚ್ಚೆಯನ್ನೂ ಹೀರುತ್ತೆ. ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ಅಷ್ಟು ಹೀರಲ್ಲ. ನಾಯಿ ಇರೋ ಮನೆಗೆ ಎರಡನೇದೇ ವಾಸಿ. ಸ್ಯಾಂಪಲ್ ತರಿಸಿ, ಬಕೆಟ್ ಮೇಲಿಟ್ಟು ಒಂದು ಚೊಂಬು ನೀರು ಸುರಿದು ನೋಡಿ. ನೀರು ತಕ್ಷಣ ಕೆಳಗಿಳಿಯದೇ ನಿಂತ್ರೆ ಆ ಹುಲ್ಲು ಬೇಡ.

ವಾಸನೆ

ಉಚ್ಚೆಯಲ್ಲಿರೋ ಯೂರಿಯಾವನ್ನ ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯ ಹುಟ್ಟುತ್ತೆ. ಮೂಗಿಗೆ ಹೊಡೆಯೋದು ಅದು. ನಿಜವಾದ ಮಣ್ಣು, ಹುಲ್ಲು ಅದನ್ನ ಗೊಬ್ಬರ ಮಾಡ್ಕೊಳುತ್ತೆ, ಪ್ಲಾಸ್ಟಿಕ್ ಮಾಡ್ಕೊಳಲ್ಲ. ಹುಲ್ಲಿನ ಎಳೆಗಳ ಮಧ್ಯೆ ಬರೀ ಮರಳಿನ ಬದಲು ಜಿಯೋಲೈಟ್ ಅನ್ನೋ ಖನಿಜ ತುಂಬಿಸಿದ್ರೆ ಅದು ಅಮೋನಿಯಂ ಅನ್ನು ಹಿಡಿದಿಡುತ್ತೆ. ಆದ್ರೂ ದಿನಾ ಪೈಪ್ ಹಿಡಿದು ತೊಳೆಯೋದು, ಆಗಾಗ ಎಂಜೈಮ್ ಕ್ಲೀನರ್ ಹಾಕೋದು ತಪ್ಪಿದ್ದಲ್ಲ. ಫಿನಾಯಿಲ್ ಬೇಡ, ನಾಯಿ ಪಾದ ನೆಕ್ಕುತ್ತೆ. ಬ್ಲೀಚ್ ಅಂತೂ ಬೇಡವೇ ಬೇಡ. ಅಮೋನಿಯ ಜೊತೆ ಸೇರಿದರೆ ವಿಷಾನಿಲ ಬರುತ್ತೆ.

ಬಿಸಿಲು

ಎಲ್ಲಕ್ಕಿಂತ ಮುಖ್ಯ ಇದು. ಜೀವಂತ ಹುಲ್ಲು ನೀರನ್ನ ಆವಿ ಮಾಡಿ ತನ್ನನ್ನ ತಾನೇ ತಣ್ಣಗಿಡುತ್ತೆ. ಪ್ಲಾಸ್ಟಿಕ್‌ಗೆ ಆ ದಾರಿ ಇಲ್ಲ. ಅಮೆರಿಕದ ಬ್ರಿಗಂ ಯಂಗ್ ವಿಶ್ವವಿದ್ಯಾಲಯದ ಮೈದಾನದಲ್ಲಿ ಅಳೆದಾಗ, ಗಾಳಿ ಸುಮಾರು 37 ಡಿಗ್ರಿ ಇದ್ದ ದಿನ ಕೃತಕ ಹುಲ್ಲಿನ ಮೇಲ್ಮೈ 93 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಹೈದರಾಬಾದಿನ ಮೇ ತಿಂಗಳು ನೆನಪಿಸ್ಕೊಳ್ಳಿ. ನಾಯಿ ಪಾದ ಸುಟ್ಟರೂ ಹೇಳೋಕೆ ಬಾಯಿಲ್ಲ. ನಿಮ್ಮ ಅಂಗೈ ಹಿಂಭಾಗವನ್ನ ಹುಲ್ಲಿನ ಮೇಲೆ 7 ಸೆಕೆಂಡ್ ಇಡೋಕೆ ಆಗದಿದ್ದರೆ ನಾಯಿಯನ್ನ ಬಿಡಬೇಡಿ. ನೀರು ಹಾಕಿದ್ರೆ ತಣ್ಣಗಾಗುತ್ತೆ, ಆದ್ರೆ ಬಿಸಿಲಲ್ಲಿ ಬೇಗನೆ ಮತ್ತೆ ಕಾಯುತ್ತೆ. ಶೇಡ್ ನೆಟ್ ಖರ್ಚನ್ನ ಮೊದಲೇ ಬಜೆಟ್‌ನಲ್ಲಿ ಸೇರಿಸಿ.

ಕುಳಿ, ಚೆಂಡು, ಅಂಚು

ಗಾಲ್ಫ್ ಕುಳಿ ನಾಲ್ಕೂಕಾಲು ಇಂಚು ಅಗಲ, ಕನಿಷ್ಠ 4 ಇಂಚು ಆಳ. ಓಡೋ ನಾಯಿಯ ಕಾಲು ಅದರೊಳಗೆ ಹೋದರೆ ಮುರಿಯಬಹುದು. ಆಟ ಮುಗಿದ ಮೇಲೆ ಮುಚ್ಚಳ ಹಾಕಿ. ಚೆಂಡು ಬರೀ 42.67 ಮಿ.ಮೀ., ಲ್ಯಾಬ್ರಡಾರ್ ಥರದ ನಾಯಿ ನುಂಗಿಬಿಟ್ಟರೆ ಕರುಳಿಗೆ ಸಿಕ್ಕಿಕೊಂಡು ಆಪರೇಷನ್‌ವರೆಗೂ ಹೋಗಬಹುದು. ಎಣಿಸಿ ತರೋದು, ಎಣಿಸಿ ಒಳಗಿಡೋದು. ನೆಲ ಕೆರೆಯೋ ನಾಯಿಗೆ ಅಂಚೇ ಮೊದಲ ಗುರಿ. ಅದಕ್ಕೆ ಅಂಚನ್ನ ಕಲ್ಲು ಅಥವಾ ಕಾಂಕ್ರೀಟ್ ಪಟ್ಟಿಯ ಕೆಳಗೆ ಸಿಕ್ಕಿಸಿ. ಮೊಳೆ ತಲೆ ಎಲ್ಲೂ ಮೇಲೆ ಕಾಣಬಾರದು.

ಹಾಗಾದ್ರೆ ಹಾಕಿಸೋದಾ, ಬೇಡ್ವಾ?

ಬಾಡಿಗೆ ಮನೆ ಆಗಿದ್ರೆ ನೆಲ ಅಗೆಯೋ ಮಾತು ಬಿಡಿ, ಸುತ್ತಿಡೋ ಮ್ಯಾಟ್ ಸಾಕು. ಸ್ವಂತ ಮನೆ ಆಗಿದ್ರೆ ಇಡೀ ಹಿತ್ತಲನ್ನ ಪ್ಲಾಸ್ಟಿಕ್ ಮಾಡಬೇಡಿ. ನಮ್ಮಲ್ಲಿ 6 ಅಡಿ ಅಗಲ, 14 ಅಡಿ ಉದ್ದ ಮಾತ್ರ ಗ್ರೀನ್. ಉಳಿದದ್ದು ಗರಿಕೆ ಮತ್ತು ಮಣ್ಣು, ಒಂದು ಕರಿಬೇವಿನ ಗಿಡ. ಚಿಂಟು ತನ್ನ ಕೆಲಸಕ್ಕೆ ಹೋಗೋದು ಬಹುಪಾಲು ಮಣ್ಣಿಗೇ. ನಾವು ಆಫೀಸಿಗೆ ಹೋದ ಮೇಲೆ ದಿನವೆಲ್ಲಾ ಆ ಹಿತ್ತಲಲ್ಲಿ ಇರೋದು ಅವನು. ನಾವು ಆಡೋದು ಸಂಜೆ ಅರ್ಧ ಗಂಟೆ. ಅಳತೆ ಹಿಡಿಯೋವಾಗ ಈ ಲೆಕ್ಕ ಮೊದಲು ಹಾಕಿ.