ಪುಲಿಗೆರೆಯ ಬಸದಿಗಳ ಬೀದಿಯಲ್ಲಿ

ಗದಗಿನಿಂದ ಸುಮಾರು 40 ಕಿ.ಮೀ. ದೂರದ ಲಕ್ಷ್ಮೇಶ್ವರ ಇಂದು ನೋಡುವವರಿಗೆ ಬಯಲುಸೀಮೆಯ ಇನ್ನೊಂದು ಪೇಟೆಯೂರು. ಯಳವತ್ತಿ ಮೊದಲಾದ ಸುತ್ತಲ ಹಳ್ಳಿಗಳವರು ಇಲ್ಲಿಗೆ ಬರುವುದು ಸಂತೆಗೆ, ಆಸ್ಪತ್ರೆಗೆ, ಮದುವೆಯ ಜವಳಿಗೆ. ಬಸ್ಸಿಳಿದವರು ಕೆಲಸ ಮುಗಿಸಿ ಮತ್ತೆ ಬಸ್ಸು ಹತ್ತುತ್ತಾರೆ. ಆದರೆ ಅರ್ಧ ದಿನ ಬಿಡುವು ಮಾಡಿಕೊಂಡು ಊರೊಳಗೆ ಕಾಲ್ನಡಿಗೆಯಲ್ಲಿ ಸುತ್ತಿದರೆ, ಹದಿಮೂರು ಶತಮಾನಗಳ ಹಿಂದಿನ ಪುಲಿಗೆರೆ ಅಲ್ಲಲ್ಲಿ ಎದುರಾಗುತ್ತದೆ. ‘ಪುಲಿಗೆರೆ ಮುನ್ನೂರು’ ಎಂಬ ನಾಡಿನ ಮುಖ್ಯ ಪಟ್ಟಣ ಅದು. 941ರಲ್ಲಿ ತನ್ನ ಭಾರತವನ್ನು ಮುಗಿಸಿದ ಪಂಪ, ತನ್ನದು ಈ ಊರಿನ ತಿರುಳ್ಗನ್ನಡ ಎಂದು ಹೇಳಿಕೊಂಡ. ಕನ್ನಡಕ್ಕೆ ಅಂಥ ಹದ ಬಂದ ಊರಿನಲ್ಲಿ ಓದು ಬರಹಗಳ ದೊಡ್ಡ ಆಸರೆಯಾಗಿದ್ದದ್ದು ಬಸದಿಗಳು.

ಬಸದಿಯೆಂದರೆ ಬರೀ ಜಿನಾಲಯವಲ್ಲ. ‘ವಸತಿ’ ಎಂಬುದೇ ಬಸದಿ ಆಯಿತು. ಮುನಿಗಳು ತಂಗುವ ಜಾಗವೆಂಬ ಅರ್ಥ ಹೆಸರಿನಲ್ಲೇ ಇದೆ. ಸ್ಪೇನ್ ದೇಶದ ಆವಿಲದಂಥ ಹಳೆಯ ಊರುಗಳಲ್ಲಿ ಪ್ರವಾಸಿಗರು ಕ್ರೈಸ್ತ ಸಂನ್ಯಾಸಿನಿಯರ ಮಠಗಳನ್ನು ಒಂದೊಂದಾಗಿ ನಡೆದು ನೋಡುತ್ತಾರೆ. ಅಲ್ಲಿ ಸಂತ ತೆರೇಸಾ 1562ರಲ್ಲಿ ಸ್ಥಾಪಿಸಿದ ಮಠದ ನಿಯಮವೆಂದರೆ ಗೋಡೆಯೊಳಗೇ ಬಾಳು ಕಳೆಯುವುದು. ಜೈನ ಮುನಿಯ ನಿಯಮ ಇದಕ್ಕೆ ತೀರ ಎದುರು. ಮಳೆಗಾಲದ ಚಾತುರ್ಮಾಸ್ಯ ಬಿಟ್ಟರೆ ಅವನು ಒಂದೇ ಕಡೆ ನೆಲೆನಿಲ್ಲುವಂತಿಲ್ಲ, ನಡೆಯುತ್ತಲೇ ಇರಬೇಕು. ಕೈಯಲ್ಲಿ ನವಿಲುಗರಿಯ ಪಿಂಛಿ, ಕಮಂಡಲ, ಅಷ್ಟೇ ಆಸ್ತಿ. ಹಾಗಿದ್ದೂ ಪುಲಿಗೆರೆಯ ಶಾಸನಗಳನ್ನು ಓದಿದರೆ ಸಿಗುವುದು ಹೊಲಗದ್ದೆಗಳ ಲೆಕ್ಕ! ಎಲ್ಲವನ್ನೂ ತೊರೆದವರ ಹೆಸರಿಗೆ ಊರಿಗೆ ಊರೇ ದತ್ತಿಯಾಗಿ ಬಂದದ್ದು ಹೇಗೆ ಎಂಬುದೇ ಈ ನಡಿಗೆಯುದ್ದಕ್ಕೂ ಕೇಳಿಕೊಳ್ಳಬೇಕಾದ ಪ್ರಶ್ನೆ.

ನಡಿಗೆಯನ್ನು ಶಂಖ ಬಸದಿಯಿಂದ ಆರಂಭಿಸುವುದು ಒಳ್ಳೆಯದು. 22ನೆಯ ತೀರ್ಥಂಕರ ನೇಮಿನಾಥನ ಬಸದಿ ಇದು. ಅವನ ಲಾಂಛನ ಶಂಖ. ಗರ್ಭಗೃಹ, ಅರ್ಧಮಂಟಪ, ಅದಕ್ಕಿಂತ ದೊಡ್ಡದಾದ ಮಹಾಮಂಟಪ, ಮೂರು ಬಾಗಿಲುಗಳ ರಂಗಮಂಟಪ ಹೀಗೆ ಕಟ್ಟಡ ಮುಂದೆ ಮುಂದೆ ಅಗಲವಾಗುತ್ತ ಬರುತ್ತದೆ. ಮತ್ತೆ ಮತ್ತೆ ದುರಸ್ತಿ ಕಂಡಿರುವುದರಿಂದ ಹೊರಗೋಡೆಯಲ್ಲಿ ಕಣ್ಣು ಸೆಳೆಯುವಂಥದ್ದು ಕಡಿಮೆ. ಒಳಗಿನ ಸಹಸ್ರಕೂಟ ಜಿನಬಿಂಬ ಮಾತ್ರ ಅಪರೂಪದ್ದು. ಒಂದೇ ಕಲ್ಲಿನಲ್ಲಿ ಸಾಲುಸಾಲಾಗಿ ಸಾವಿರಕ್ಕೂ ಹೆಚ್ಚು ಪುಟ್ಟ ತೀರ್ಥಂಕರ ಮೂರ್ತಿಗಳನ್ನು ಕಡೆಯಲಾಗಿದೆ. ಪಂಪ ಇಲ್ಲಿಯೇ ಕುಳಿತು ಬರೆದನೆಂದು ಊರವರು ಹೇಳುತ್ತಾರೆ. ಅದಕ್ಕೆ ದಾಖಲೆಯ ಆಧಾರ ಹುಡುಕುವುದಕ್ಕಿಂತ, ಊರು ತನ್ನ ಕವಿಯನ್ನು ಯಾವ ಕಟ್ಟಡದೊಳಗೆ ನೆನೆಯುತ್ತದೆ ಎಂಬುದನ್ನು ಗಮನಿಸಿದರೆ ಸಾಕು.

ಈ ಬಸದಿಗೆ ಸೇರಿದ ಶಾಸನಗಳ ಕಥೆ ಸ್ವಾರಸ್ಯದ್ದು. ಬಾದಾಮಿ ಚಾಲುಕ್ಯರ ವಿನಯಾದಿತ್ಯ, ವಿಜಯಾದಿತ್ಯ, ಎರಡನೆಯ ವಿಕ್ರಮಾದಿತ್ಯ ಇವರು ಕೊಟ್ಟ ದತ್ತಿಗಳನ್ನು ಇಲ್ಲಿನ ಕಲ್ಲುಗಳು ಹೇಳುತ್ತವೆ. ಕ್ರಿ.ಶ. 734ರಲ್ಲಿ ವಿಕ್ರಮಾದಿತ್ಯನು ಶಂಖ ಬಸದಿಯನ್ನೂ ಧವಳ ಜಿನಾಲಯವನ್ನೂ ದುರಸ್ತಿ ಮಾಡಿಸಿ, ಬಾಹುಬಲಿ ಶ್ರೇಷ್ಠಿ ಎಂಬ ವರ್ತಕನ ಬಿನ್ನಹದಂತೆ ವಿಜಯದೇವ ಪಂಡಿತಾಚಾರ್ಯನಿಗೆ ಭೂಮಿ ಬಿಟ್ಟನಂತೆ. ಆದರೆ ಲಿಪಿ ನೋಡಿದ ವಿದ್ವಾಂಸ ಜೆ.ಎಫ್. ಫ್ಲೀಟ್ ಅನುಮಾನಪಟ್ಟರು. ಕಾಲ ಎಂಟನೆಯ ಶತಮಾನದ್ದು, ಅಕ್ಷರಗಳು ಹತ್ತನೆಯ ಶತಮಾನದವು. ಗಂಗರ ಅರಸ ಮಾರಸಿಂಹನು 968ರಲ್ಲಿ ಇಲ್ಲಿನ ಗಂಗಕಂದರ್ಪ ಜಿನಾಲಯಕ್ಕೆ ದತ್ತಿ ಬಿಟ್ಟ ಕಾಲದ ಸುಮಾರಿಗೆ ಹಳೆಯ ಪತ್ರಗಳನ್ನೆಲ್ಲ ಕಲ್ಲಿಗೆ ಏರಿಸಿರಬೇಕು. ಇದನ್ನು ಕಳ್ಳ ದಾಖಲೆ ಎಂದು ತಳ್ಳಿಹಾಕುವುದು ಅವಸರದ ಮಾತು. ತಾಮ್ರಪಟ ಕಳೆದೀತು, ಸವೆದೀತು. ಹೊಲದ ತಂಟೆ ಮಾತ್ರ ಮುಗಿಯುವುದಿಲ್ಲ. ಉತಾರ ಕಳೆದುಕೊಂಡು ಕಚೇರಿ ಅಲೆದ ಯಾವ ರೈತನಿಗೂ ಈ ಕಷ್ಟ ತಿಳಿಯುತ್ತದೆ.

ಇಂಥ ನಕಲಿನ ಹಿಂದೆ ನಿಜವಿರಬಹುದೆಂಬುದಕ್ಕೆ ಇನ್ನೊಂದು ಬಸದಿ ಸಾಕ್ಷಿ. ಹತ್ತಿರದ ಗುಡಿಗೇರಿಯ 1076ರ ಶಾಸನ, ಪುರಿಗೆರೆಯ ಆನೆಸೆಜ್ಜೆಯ ಬಸದಿಯನ್ನು ಕಟ್ಟಿಸಿದವಳು ವಿಜಯಾದಿತ್ಯನ ತಂಗಿ ಕುಂಕುಮ ಮಹಾದೇವಿ ಎನ್ನುತ್ತದೆ. ಗುಡಿಗೇರಿಯ ನೆಲ ಆ ಬಸದಿಗೆ ಸೇರಿದ್ದೆಂದು ಹೇಳುತ್ತದೆ. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷ ಹಳೆಯ ಮಾತು! ನಂಬುವುದು ಹೇಗೆ? ಶಿಗ್ಗಾವಿಯಲ್ಲಿ ದೊರೆತ ವಿಜಯಾದಿತ್ಯನ ತಾಮ್ರಪಟ ಇದಕ್ಕೆ ಉತ್ತರ ಕೊಟ್ಟಿತು. ಶಕ 630ರ ಆ ಪಟದಲ್ಲಿ, ಆಳುಪ ಅರಸ ಚಿತ್ರವಾಹನನ ಕೋರಿಕೆಯ ಮೇರೆಗೆ, ಕುಂಕುಮದೇವಿ ಪುಲಿಗೆರೆಯಲ್ಲಿ ಮಾಡಿಸಿದ ಜಿನಭವನಕ್ಕೆ ಗುಡ್ಡಿಗೆರೆ ಗ್ರಾಮವನ್ನು ಬಿಟ್ಟುಕೊಟ್ಟ ಸಂಗತಿ ಇದೆ. ಅರಸುಮನೆಗಳು ಎರಡು ಮೂರು ಬಾರಿ ಬದಲಾದರೂ ಬಸದಿಯವರ ನೆನಪು ತಪ್ಪಿರಲಿಲ್ಲ. ಆ ಬಸದಿಯ ಗುರುತು ಇಂದು ಊರಲ್ಲಿ ಸಿಗುವುದಿಲ್ಲ.

ಗುಡಿಗೇರಿಯ ಶಾಸನದಲ್ಲಿ ಶ್ರೀನಂದಿ ಪಂಡಿತನ ಜೊತೆಗೆ ಅಷ್ಟೋಪವಾಸಿ ಕಂತಿ ಎಂಬ ಹೆಸರೂ ಬರುತ್ತದೆ. ಕಂತಿ ಎಂದರೆ ಜೈನ ಸಂನ್ಯಾಸಿನಿ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಗಳಲ್ಲಿಯೂ ನಾಗಮತಿ ಗಂತಿಯಂಥವರು ವ್ರತ ನೋಂತು ಮುಡಿಪಿದ ಸುದ್ದಿ ಒಂದೆರಡು ಸಾಲಿನಲ್ಲಿದೆ. ತೆರೇಸಾ ತನ್ನ ಬಾಳನ್ನು ತಾನೇ ಬರೆದಿಟ್ಟಳು. ನಮ್ಮ ಕಂತಿಯರ ಪಾಲಿಗೆ ಉಳಿದದ್ದು ಹೆಸರು ಮತ್ತು ಉಪವಾಸ.

ಶಂಖ ಬಸದಿಯಿಂದ ಅನಂತನಾಥ ಬಸದಿಯನ್ನು ನೋಡಿಕೊಂಡು ಸೋಮೇಶ್ವರ ದೇವಾಲಯಕ್ಕೆ ಬರಬೇಕು. ಕೋಟೆಯಂಥ ಎತ್ತರದ ಪೌಳಿ, ಮೂರು ಕಡೆ ಬಾಗಿಲು, ಒಳಗೆ ನಂದಿಯ ಮೇಲೆ ಕುಳಿತ ಶಿವಪಾರ್ವತಿ. ಇದು ಕಲ್ಯಾಣ ಚಾಲುಕ್ಯರ ಕಾಲದ ಕಟ್ಟಡ. ಇಲ್ಲಿ ಕಥೆ ಕಾವೇರುತ್ತದೆ. ಸೌರಾಷ್ಟ್ರದ ವ್ಯಾಪಾರಿ ಆದಯ್ಯ ಪುಲಿಗೆರೆಗೆ ಬಂದು ಜೈನರ ಹುಡುಗಿ ಪದ್ಮಾವತಿಯನ್ನು ಮದುವೆಯಾದ. ಮಾವನ ಮನೆಯವರೊಡನೆ ಜಗಳವಾಗಿ, ಸೌರಾಷ್ಟ್ರದ ಸೋಮನಾಥನನ್ನೇ ತಂದು ಸುರಹೊನ್ನೆಯ ಬಸದಿಯಲ್ಲಿ ನೆಲೆಗೊಳಿಸಿದ. ಹರಿಹರನ ರಗಳೆಗೂ ರಾಘವಾಂಕನ ‘ಸೋಮನಾಥ ಚಾರಿತ್ರ’ಕ್ಕೂ ಇದೇ ವಸ್ತು. ಅಬ್ಬಲೂರಿನಲ್ಲಿ ತಲೆಯರಿದುಕೊಂಡು ಜೈನರನ್ನು ಗೆದ್ದನೆನ್ನುವ ಏಕಾಂತದ ರಾಮಯ್ಯನಿಗೆ ಅಲ್ಲಿಗೆ ಹೋಗೆಂದು ಅಪ್ಪಣೆ ಕೊಟ್ಟವನೂ ಪುಲಿಗೆರೆಯ ಸೋಮನಾಥನೇ ಎಂದು ಅಬ್ಬಲೂರಿನ ಶಾಸನ ಹೇಳುತ್ತದೆ.

ಈ ಕಥೆಗಳನ್ನು ಪೂರ್ತಿ ಕಟ್ಟುಕಥೆ ಎನ್ನುವಂತಿಲ್ಲ, ಹೊಲದ ಕಾಗದದಂತೆ ಓದುವಂತೆಯೂ ಇಲ್ಲ. ಕವಿಗಳಿಬ್ಬರೂ ಗೆದ್ದ ಕಡೆಯವರು. ಸೋತವರ ಕಾವ್ಯ ಸಿಕ್ಕಿಲ್ಲ. ಊರಿನ ಧಾರ್ಮಿಕ ಬಲ ಒಂದು ಕೈಯಿಂದ ಇನ್ನೊಂದಕ್ಕೆ ಹೋಯಿತು, ನೋವಿಲ್ಲದೆ ಹೋಗಲಿಲ್ಲ ಎಂಬಷ್ಟು ನಿಜ. ಬಸದಿಗಳಿಗೆ ಪೆಟ್ಟು ಬಿದ್ದದ್ದು ಇಲ್ಲಿನವರಿಂದಷ್ಟೇ ಅಲ್ಲ. ಚೋಳರು ಬೆಳ್ವೊಲ ನಾಡಿಗೆ ನುಗ್ಗಿ ಜಿನಾಲಯಗಳನ್ನು ಸುಟ್ಟರೆಂದೂ, ಬೆಳ್ವೊಲ ಪುಲಿಗೆರೆಗಳನ್ನು ಆಳುತ್ತಿದ್ದ ಲಕ್ಷ್ಮರಸ ಅಣ್ಣಿಗೇರಿಯ ಗಂಗಪೆರ್ಮಾಡಿ ಬಸದಿಯನ್ನು ಮತ್ತೆ ಎತ್ತಿ ನಿಲ್ಲಿಸಿದನೆಂದೂ ಗಾವರವಾಡದ 1071ರ ಶಾಸನದಿಂದ ತಿಳಿಯುತ್ತದೆ. ಇಷ್ಟೆಲ್ಲ ಕಳೆದ ಮೇಲೂ ಸೋಮೇಶ್ವರನಿಗೆ ಗಂಟೆ ಬಾರಿಸುವ ಊರಿನಲ್ಲಿಯೇ ನೇಮಿನಾಥನಿಗೂ ಪೂಜೆ ನಡೆದಿದೆ.

ನಡಿಗೆಯ ಕೊನೆಗೆ ಜುಮ್ಮಾ ಮಸೀದಿ. ಬಿಜಾಪುರದ ಆದಿಲಶಾಹಿಗಳ ಅಧಿಕಾರಿ ಅಂಕುಶಖಾನ 1617ರಲ್ಲಿ ಕಟ್ಟಿಸಿದ್ದು. ದೂಧ್ ನಾನಾ ದರ್ಗಾ ಕೂಡ ಇದೇ ಊರಿನದು. ಸೋಮೇಶ್ವರ ಗುಡಿಯ ಜೀರ್ಣೋದ್ಧಾರವಾದ ಮೇಲೆ ಅದರ ಅಂಗಳದಲ್ಲಿ ‘ಪುಲಿಗೆರೆ ಉತ್ಸವ’ದ ಹೆಸರಿನಲ್ಲಿ ಸಂಗೀತ ನೃತ್ಯಗಳು ನಡೆದು, ಹೊರಗಿನವರಿಗೂ ಊರಿನ ಪರಿಚಯವಾಗಿದೆ. ಹಾಗೆ ಬರುವವರು ಹೆಚ್ಚಾಗಿ ಸೋಮೇಶ್ವರನ ಶಿಲ್ಪವನ್ನಷ್ಟೇ ನೋಡಿ ಹೊರಡುತ್ತಾರೆ. ಶಂಖ ಬಸದಿಯ ಸಹಸ್ರಕೂಟವನ್ನು ನೋಡಲು ಬೆಳಗಿನ ಪೂಜೆಯ ಹೊತ್ತೇ ಸರಿ. ಬಾಗಿಲು ತೆರೆದಿರುತ್ತದೆ, ಒಳಗೆ ಬೆಳಕೂ ಇರುತ್ತದೆ.