ಈಜುಕೊಳ: ಆನಂದದೊಡನೆ ಎಚ್ಚರ

ನಮ್ಮಲ್ಲಿ ಅನೇಕರು ಈಜು ಕಲಿತದ್ದು ಊರಿನ ಕೆರೆಯಲ್ಲಿ, ತೋಟದ ಬಾವಿಯಲ್ಲಿ. ಬೆನ್ನಿಗೆ ಬೆಂಡನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟಿಕೊಂಡು. ದಡದ ಮೇಲೆ ಹಿರಿಯರೊಬ್ಬರು ಕಣ್ಣಿಟ್ಟು ಕುಳಿತಿರುತ್ತಿದ್ದರು. ಇಂದು ಮಹಾನಗರದ ವಸತಿ ಸಂಕೀರ್ಣಗಳಲ್ಲಿ ನಮ್ಮ ಮಕ್ಕಳಿಗೆ ಸುಸಜ್ಜಿತ ಕೊಳ ದೊರೆತಿದೆ. ದಡದ ಮೇಲಿನ ಆ ಕಣ್ಣು ಮಾತ್ರ ಹಲವೆಡೆ ಕಾಣೆಯಾಗಿದೆ.

ಈಜು ಕೀಲುಗಳಿಗೆ ಭಾರವಾಗದ ಉತ್ತಮ ವ್ಯಾಯಾಮವೆಂಬುದು ನಿರ್ವಿವಾದ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಅಸುನೀಗಿದರು. ಅವರಲ್ಲಿ ಕಾಲುಭಾಗದಷ್ಟು ಮಂದಿ 5 ವರ್ಷದೊಳಗಿನ ಮಕ್ಕಳು. ಮುಳುಗುವವರು ಕೂಗಿ ಕರೆಯುತ್ತಾರೆಂಬುದು ತಪ್ಪು ಕಲ್ಪನೆ. ಉಸಿರಿಗಾಗಿ ಹೆಣಗುವ ಬಾಯಿಗೆ ಕೂಗಲು ಅವಕಾಶವಿರುವುದಿಲ್ಲ. ಮಗು ಸದ್ದಿಲ್ಲದೆ ಮುಳುಗುತ್ತದೆ.

ಅಪಾಯವನ್ನು ತೂಗುವಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಅದು ಸಂಭವಿಸುವ ಸಾಧ್ಯತೆಯೆಷ್ಟು? ಸಂಭವಿಸಿದರೆ ಆಗುವ ಹಾನಿಯೆಷ್ಟು? ಒದ್ದೆ ನೆಲದಲ್ಲಿ ಜಾರುವುದು ಪದೇಪದೇ ಆಗುವಂಥದು, ಹಾನಿ ಸಾಮಾನ್ಯವಾಗಿ ಅಲ್ಪ. ಮುಳುಗುವುದು ವಿರಳ, ಆದರೆ ಹಾನಿ ತುಂಬಲಾರದ್ದು. ಆದುದರಿಂದ ವಿರಳವೆಂಬ ಕಾರಣಕ್ಕೆ ಅದನ್ನು ಅಲಕ್ಷಿಸುವಂತಿಲ್ಲ.

ಬ್ಯಾಂಕಿನ ತಿಜೋರಿಗೆ ಎರಡು ಕೀಲಿಗಳಿದ್ದು, ಅವು ಇಬ್ಬರು ಅಧಿಕಾರಿಗಳ ವಶದಲ್ಲಿರುತ್ತವೆ. ಒಬ್ಬರ ಜಾಗರೂಕತೆಯನ್ನೇ ನಂಬಬಾರದೆಂಬುದು ಇದರ ತತ್ತ್ವ. ಕೊಳಕ್ಕೂ ಇದೇ ನಿಯಮ ಸಲ್ಲುತ್ತದೆ. ಸುತ್ತಲೂ ಮಕ್ಕಳು ಹತ್ತಲಾಗದ ಬೇಲಿ, ತಾನಾಗಿಯೇ ಮುಚ್ಚಿಕೊಳ್ಳುವ ಬಾಗಿಲು, ಎದ್ದು ಕಾಣುವ ಆಳದ ಗುರುತು, ತರಬೇತಿ ಪಡೆದ ಜೀವರಕ್ಷಕ, ಇವೆಲ್ಲವೂ ಇದ್ದ ಮೇಲೂ ಪುಟ್ಟ ಮಕ್ಕಳ ಕೈಯಳತೆಯಲ್ಲಿ ಹಿರಿಯರೊಬ್ಬರು ಇರಲೇಬೇಕು. ತಳದ ನೀರು ಹೀರುವ ಜಾಲರಿ ಒಡೆದಿದ್ದರೆ ಕೂದಲು, ಕೈಕಾಲು ಸಿಕ್ಕಿಕೊಳ್ಳಬಹುದು. ಅದು ಸರಿಯಾಗುವವರೆಗೆ ಕೊಳವನ್ನು ಮುಚ್ಚಬೇಕು. ನೀರೊಳಗಿನ ದೀಪಗಳ ವಿದ್ಯುತ್ ಸೋರಿಕೆಯನ್ನು ತಡೆಯುವ ಸಾಧನವನ್ನು ಆಗಾಗ್ಗೆ ಪರೀಕ್ಷಿಸಬೇಕು.

ನೀರಿನ ಶುದ್ಧತೆಯೂ ಸುರಕ್ಷತೆಯ ಅಂಗವೇ. ಆಳದ ತಳ ಸ್ಪಷ್ಟವಾಗಿ ಕಾಣದಿದ್ದರೆ ನೀರಿಗಿಳಿಯಬಾರದು. ಮುಳುಗಿದವರು ಕಾಣುವುದಾದರೂ ಹೇಗೆ? ಪಿ.ಎಚ್. ಪ್ರಮಾಣ 7.2ರಿಂದ 7.8ರೊಳಗೆ ಇರುವುದು ಲೇಸು. ಕ್ಲೋರಿನ್ ಪುಡಿಯೊಡನೆ ಆಮ್ಲವನ್ನು ಎಂದಿಗೂ ಬೆರೆಸಕೂಡದು. ಹೊಮ್ಮುವ ಅನಿಲ ಶ್ವಾಸಕೋಶಕ್ಕೆ ಮಾರಕ.

ಅವಘಡ ಸಂಭವಿಸಿದಲ್ಲಿ ಪ್ರತಿ ನಿಮಿಷವೂ ಅಮೂಲ್ಯ. ಮುಳುಗಿದವರನ್ನು ತಲೆಕೆಳಗಾಗಿಸುವುದು, ಹೊಟ್ಟೆಯೊತ್ತಿ ನೀರು ತೆಗೆಯಲು ಯತ್ನಿಸುವುದು ಹಾನಿಕರ. ಒಬ್ಬರು 112ಕ್ಕೆ ಕರೆ ಮಾಡಲಿ. ಉಸಿರಾಟ ನಿಂತಿದ್ದರೆ ಮತ್ತೊಬ್ಬರು ಮೊದಲು ಬಾಯಿಯಿಂದ ಉಸಿರು ನೀಡಿ, ಅನಂತರ ಎದೆಯ ಮಧ್ಯಭಾಗವನ್ನು 30 ಬಾರಿ ಒತ್ತುವುದು, 2 ಬಾರಿ ಉಸಿರೂದುವುದು, ಈ ಕ್ರಮವನ್ನು ನೆರವು ಬರುವವರೆಗೆ ಮುಂದುವರಿಸಬೇಕು. ಪ್ರತಿ ಕುಟುಂಬದಲ್ಲಿ ಒಬ್ಬರಾದರೂ ಇದನ್ನು ಕಲಿತಿರುವುದು ಒಳಿತು.

ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಖರ್ಚು ತಗ್ಗಿಸುವ ಮಾತು ಬಂದಾಗ ಜೀವರಕ್ಷಕನ ವೇತನಕ್ಕೆ ಮೊದಲು ಕತ್ತರಿ ಬೀಳುವುದುಂಟು. ವಿಮೆಯಿದೆಯಲ್ಲ ಎಂಬ ಸಮಾಧಾನವೂ ಕೇಳಿಬರುತ್ತದೆ. ವಿಮೆ ಹಣವನ್ನು ಭರಿಸೀತು, ಮಗುವನ್ನು ಮರಳಿ ತಂದೀತೆ? ಕೊಳದ ದಿನಚರಿ ಪುಸ್ತಕವನ್ನು ಲೆಕ್ಕಪತ್ರದಷ್ಟೇ ಶ್ರದ್ಧೆಯಿಂದ ಪರಿಶೀಲಿಸುವ ಹೊಣೆ ಸದಸ್ಯರೆಲ್ಲರದು. ದಡದ ಮೇಲಿನ ಕಣ್ಣಿಗೆ ವೆಚ್ಚಮಾಡಿದ ಹಣ ಎಂದೂ ನಷ್ಟದ ಬಾಬ್ತಲ್ಲ.