ಗ್ರಾಮ ಪಂಚಾಯಿತಿ ಕಚೇರಿಯ ನಿರೀಕ್ಷಣಾ ಕೊಠಡಿ: ಆಸನಗಳ ಆಯ್ಕೆ ಮತ್ತು ಜೋಡಣೆ



ಮನೆ ಕಂದಾಯ ಕಟ್ಟುವವರು, ಇ-ಸ್ವತ್ತು ನಮೂನೆಗೆ ಅರ್ಜಿ ಹಾಕಿದವರು, ಉದ್ಯೋಗ ಚೀಟಿಗಾಗಿ ಬಂದವರು, ಪಿಂಚಣಿ ಏಕೆ ನಿಂತಿತೆಂದು ವಿಚಾರಿಸಲು ಬಂದ ವೃದ್ಧರು, ಬಾಪೂಜಿ ಸೇವಾ ಕೇಂದ್ರದ ಸೇವೆ ಬೇಕಾದವರು, ಇವರೆಲ್ಲರೂ ಪಂಚಾಯಿತಿ ಕಚೇರಿಯಲ್ಲಿ ಸ್ವಲ್ಪ ಹೊತ್ತಾದರೂ ಕಾಯುತ್ತಾರೆ. ವಿದ್ಯುತ್ ಹೋದ ದಿನ, ಸರ್ವರ್ ನಿಧಾನವಾದ ದಿನ ಆ ಹೊತ್ತು ಗಂಟೆಗಟ್ಟಲೆ ಬೆಳೆಯುತ್ತದೆ. ಆದರೂ ಆಸನಗಳ ಖರೀದಿ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಕೊನೆಗೆ ಬಂದು, ‘ಹತ್ತು ಕುರ್ಚಿ ತರಿಸುವುದು’ ಎಂಬ ಒಂದೇ ಸಾಲಿನ ನಿರ್ಣಯದಲ್ಲಿ ಮುಗಿದುಹೋಗುವುದುಂಟು. ಎಂತಹ ಕುರ್ಚಿ, ಯಾರಿಗಾಗಿ, ಎಲ್ಲಿ ಇಡಬೇಕು ಎಂಬ ಚರ್ಚೆ ನಡೆಯುವುದು ವಿರಳ.

ಗಟ್ಟಿಮುಟ್ಟಾದ ಯುವಕನಿಗೆ ಯಾವ ಕುರ್ಚಿಯಾದರೂ ಸಾಕು. ಬಾಗಿಲಿಗೆ ಒರಗಿ ನಿಂತರೂ ಆತನ ಕೆಲಸ ಕೆಡುವುದಿಲ್ಲ. ಮಂಡಿನೋವಿನ ವೃದ್ಧೆ, ತುಂಬು ಗರ್ಭಿಣಿ, ಕೈಗೂಸಿನ ತಾಯಿ, ಊರುಗೋಲು ಹಿಡಿದವರು, ಗಾಲಿಕುರ್ಚಿಯಲ್ಲಿ ಬರುವವರು ಹಾಗಲ್ಲ. ಕೂರಲು ಅನುಕೂಲವಿಲ್ಲದಿದ್ದರೆ ಇವರು ಸರದಿ ಬರುವ ಮುನ್ನವೇ ಹಿಂದಿರುಗುತ್ತಾರೆ, ಇಲ್ಲವೇ ಮುಂದಿನ ಬಾರಿ ಮತ್ತೊಬ್ಬರ ಕೈಯಲ್ಲಿ ಕಾಗದ ಕಳುಹಿಸುತ್ತಾರೆ. ಕಾಗದ ಕೈ ಬದಲಾಯಿಸಿದಲ್ಲಿ ಮಧ್ಯವರ್ತಿಗೆ ದಾರಿಯಾಗುತ್ತದೆ. ಆದ್ದರಿಂದ ಎದ್ದು ಕೂರಲು ಅತಿ ಹೆಚ್ಚು ಕಷ್ಟಪಡುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಆಸನವನ್ನು ಆರಿಸತಕ್ಕದ್ದು. ಅವರಿಗೆ ಹೊಂದುವ ಆಸನ ಉಳಿದವರೆಲ್ಲರಿಗೂ ಹೊಂದುತ್ತದೆ.

ಮೊದಲು ಎಣಿಕೆ

ಖರೀದಿಗೆ ಮುನ್ನ ಒಂದು ವಾರ ಕಚೇರಿಯಲ್ಲಿ ಕಾಯುವವರನ್ನು ಗಂಟೆಗೊಮ್ಮೆ ಎಣಿಸಿ ಬರೆದಿಡಿ. ಜೊತೆಯಲ್ಲಿ ಬಂದವರನ್ನೂ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯಿರಿ. ಸಂತೆಯ ದಿನ ಹಾಗೂ ಕಂದಾಯ ವಸೂಲಿಯ ದಿನಗಳನ್ನು ಪ್ರತ್ಯೇಕವಾಗಿ ಗುರುತಿಸಿ. ಸಾಮಾನ್ಯ ದಿನದ ಗರಿಷ್ಠ ಸಂಖ್ಯೆಗೆ ಸ್ಥಿರವಾದ ಆಸನಗಳಿರಲಿ; ವಿಶೇಷ ದಿನಗಳ ಹೆಚ್ಚುವರಿ ಜನರಿಗೆ ಎತ್ತಿಡಬಹುದಾದ ಕುರ್ಚಿಗಳಿರಲಿ. ಗ್ರಾಮ ಸಭೆಯ ಜನಸಂಖ್ಯೆಯನ್ನು ನಿರೀಕ್ಷಣಾ ಕೊಠಡಿಯ ಅಳತೆಗೋಲಾಗಿ ಹಿಡಿಯಬಾರದು. ಹಾಗೆ ಮಾಡಿದರೆ ಕೊಠಡಿ ತುಂಬ ಕುರ್ಚಿಗಳಾಗಿ ನಡೆದಾಡಲು ದಾರಿ ಇಲ್ಲದಾಗುತ್ತದೆ.

ಆಸನದ ಅಳತೆ

ಕುಳಿತಾಗ ಪಾದಗಳು ನೆಲವನ್ನು ಪೂರ್ತಿಯಾಗಿ ಮುಟ್ಟಬೇಕು. ಹೆಚ್ಚಿನ ಜನರಿಗೆ ನೆಲದಿಂದ 45 ಸೆಂ.ಮೀ., ಅಂದರೆ ಸುಮಾರು 18 ಅಂಗುಲ ಎತ್ತರ ಸರಿಹೊಂದುತ್ತದೆ. ಮಂಡಿ, ಸೊಂಟದ ನೋವುಳ್ಳವರಿಗಾಗಿ ಇದಕ್ಕಿಂತ ಒಂದೆರಡು ಅಂಗುಲ ಎತ್ತರದ ಎರಡು ಆಸನಗಳನ್ನು ಇಡುವುದು ಒಳಿತು. ತಗ್ಗಾದ ಮೆತ್ತನೆಯ ಸೋಫಾ ನೋಡಲು ಅಂದ. ಅದರಲ್ಲಿ ಹೂತುಹೋದ ವೃದ್ಧರನ್ನು ಎಬ್ಬಿಸಲು ಮತ್ತಿಬ್ಬರು ಬೇಕು. ಮೇಲಾಗಿ ಅದರ ಬಟ್ಟೆ ಹರಿದು ಧೂಳು, ತಿಗಣೆಗಳಿಗೆ ಮನೆಯಾಗುತ್ತದೆ.

ಆಸನದ ಆಳ 16ರಿಂದ 18 ಅಂಗುಲ ಸಾಕು. ಅದಕ್ಕಿಂತ ಹೆಚ್ಚಾದರೆ ಕುಳ್ಳಗಿನವರಿಗೆ ಬೆನ್ನಾಸರೆ ಸಿಗುವುದಿಲ್ಲ. ಬೆನ್ನಾಸರೆ ತುಸು ಹಿಂದಕ್ಕೆ ವಾಲಿರಬೇಕು. ಕೈಯಾಸರೆಯ ಪ್ರಯೋಜನವನ್ನು ನಾವು ಬಹಳ ಸಲ ಮರೆಯುತ್ತೇವೆ: ವಯಸ್ಸಾದವರು ಏಳುವುದು ಕೈಗಳ ಬಲದಿಂದ. ಆದರೆ ಪ್ರತಿ ಆಸನಕ್ಕೂ ಕೈಯಾಸರೆ ಬೇಡ. ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವ ತಾಯಿಗೆ, ದಪ್ಪನೆಯ ಮೈಕಟ್ಟಿನವರಿಗೆ ಅಡ್ಡಿಯಿಲ್ಲದ ಬೆಂಚೇ ಅನುಕೂಲ. ಬೆಂಚಿನ ಎರಡೂ ತುದಿಗಳಲ್ಲಿ ಕೈಯಾಸರೆಯಿದ್ದರೆ ಇಬ್ಬರ ಅಗತ್ಯವೂ ಪೂರೈಸುತ್ತದೆ. 6 ಅಡಿಯ ಬೆಂಚಿನಲ್ಲಿ ಮೂವರು ಆರಾಮವಾಗಿ ಕೂರುತ್ತಾರೆ. ಲೆಕ್ಕವನ್ನೂ ಮೂರಕ್ಕೇ ಹಾಕಬೇಕು.

ಕೂತವರು ಏಳುವಾಗ ಪಾದಗಳನ್ನು ಮಂಡಿಯಿಂದ ತುಸು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಆಸನದ ಕೆಳಗೆ ಖಾಲಿ ಜಾಗವಿದ್ದರೆ ಮಾತ್ರ ಇದು ಸಾಧ್ಯ. ಗೋಡೆಗೆ ಸೇರಿಸಿ ಕಟ್ಟಿದ ಸಿಮೆಂಟಿನ ಜಗಲಿಯ ಮುಂಭಾಗ ನೆಲದವರೆಗೂ ನೇರವಾಗಿದ್ದರೆ ಹಿಮ್ಮಡಿ ತಾಗುತ್ತದೆ, ಏಳುವುದು ಕಷ್ಟವಾಗುತ್ತದೆ. ಹೊಸದಾಗಿ ಜಗಲಿ ಕಟ್ಟಿಸುವಾಗ ಕೆಳಭಾಗವನ್ನು 5–6 ಅಂಗುಲ ಒಳಕ್ಕೆ ಸರಿಸಿ ಕಟ್ಟುವಂತೆ ಮೇಸ್ತ್ರಿಗೆ ತಿಳಿಸಿ.

ಯಾವ ವಸ್ತು?

ಪ್ಲಾಸ್ಟಿಕ್ ಕುರ್ಚಿ ಅಗ್ಗ, ಹಗುರ. ಒಂದರ ಮೇಲೊಂದು ಪೇರಿಸಿಡಬಹುದು. ಗ್ರಾಮ ಸಭೆಗೆ ಅದು ತಕ್ಕದ್ದು. ಆದರೆ ನುಣುಪಾದ ಟೈಲ್ಸ್ ನೆಲದಲ್ಲಿ ಅದರ ಕಾಲುಗಳು ಜಾರುತ್ತವೆ, ಬಿಸಿಲಿಗೆ ಬಿಟ್ಟರೆ ಬೇಗ ಬಿರಿಯುತ್ತದೆ. ಕೈಯಾಸರೆಯ ಮೇಲೆ ಭಾರ ಹಾಕಿ ಏಳುವ ವೃದ್ಧರು ಮುಗ್ಗರಿಸುವ ಅಪಾಯವುಂಟು.

ಬಸ್ ನಿಲ್ದಾಣ, ಆಸ್ಪತ್ರೆಗಳಲ್ಲಿ ಕಾಣುವ ರಂಧ್ರಗಳಿರುವ ಉಕ್ಕಿನ ಜೋಡಿ ಆಸನಗಳು ಬಾಳಿಕೆ ಬರುತ್ತವೆ, ತೊಳೆಯಲು ಸುಲಭ. ಅವುಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯಬೇಕು. ಬಿಸಿಲು ನೇರವಾಗಿ ಬೀಳುವಲ್ಲಿ ಇಡಬಾರದು. ಕಬ್ಬಿಣದ ಚೌಕಟ್ಟಿಗೆ ಮರದ ಪಟ್ಟಿಗಳನ್ನು ಕೂರಿಸಿದ ಬೆಂಚನ್ನು ಊರಿನ ಬಡಗಿ ಮತ್ತು ವೆಲ್ಡಿಂಗ್ ಕೆಲಸಗಾರರೇ ತಯಾರಿಸಬಲ್ಲರು. ಒಂದು ಪಟ್ಟಿ ಮುರಿದರೆ ಅದನ್ನಷ್ಟೇ ಬದಲಿಸಬಹುದು. ಗೆದ್ದಲಿನ ಕಾಟವಿರುವಲ್ಲಿ ಮರಕ್ಕೂ, ಕರಾವಳಿಯ ಉಪ್ಪುಗಾಳಿಯಲ್ಲಿ ಕಬ್ಬಿಣಕ್ಕೂ ರಕ್ಷಣಾ ಲೇಪನ ಅಗತ್ಯ.

ಕಲಬುರಗಿ ಭಾಗದ ಶಹಾಬಾದ್ ಕಲ್ಲಾಗಲಿ, ಬೇರೆಡೆಯ ಗ್ರಾನೈಟ್ ಆಗಲಿ, ಕಲ್ಲಿನ ಆಸನ ತಲೆಮಾರುಗಳ ಕಾಲ ಉಳಿಯುತ್ತದೆ. ಮರದ ನೆರಳಿಗೆ, ಹೊರ ಜಗಲಿಗೆ ಅದು ಸೂಕ್ತ. ಬಯಲುಸೀಮೆಯಲ್ಲಿ ಪಶ್ಚಿಮದ ಬಿಸಿಲು ಬೀಳುವ ಕಲ್ಲು ಮಧ್ಯಾಹ್ನದ ಬಳಿಕ ಕೂರಲಾಗದಷ್ಟು ಕಾಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದೇ ಕಲ್ಲು ತಣ್ಣಗೆ ಕೊರೆಯುತ್ತದೆ. ಕಲ್ಲಿನ ಮೇಲೆ ಮರದ ಪಟ್ಟಿ ಹಾಸಿದರೆ ಎರಡೂ ತೊಂದರೆಗಳು ತಗ್ಗುತ್ತವೆ.

ಆಸನದ ಬಣ್ಣ ನೆಲದ ಬಣ್ಣಕ್ಕಿಂತ ಬೇರೆಯಾಗಿರಲಿ. ಬಿಳಿ ನೆಲದ ಮೇಲಿನ ಬಿಳಿ ಕುರ್ಚಿಯ ಅಂಚು ಮಂದದೃಷ್ಟಿಯವರಿಗೆ ಕಾಣುವುದಿಲ್ಲ.

ಜೋಡಣೆ: ಒಂದು ಉದಾಹರಣೆ

ಕೊಠಡಿಯ ಉದ್ದ 16 ಅಡಿ, ಅಗಲ 12 ಅಡಿ ಇದೆಯೆಂದು ಭಾವಿಸೋಣ. ಒಂದು ಉದ್ದ ಗೋಡೆಯಲ್ಲಿ ಸೇವಾ ಕಿಟಕಿ, ಒಂದು ಗಿಡ್ಡ ಗೋಡೆಯಲ್ಲಿ ಬಾಗಿಲು ಇವೆ. ಸೇವಾ ಕಿಟಕಿಯ ಎದುರಿನ ಉದ್ದ ಗೋಡೆಗೆ 6 ಅಡಿಯ ಎರಡು ಬೆಂಚುಗಳನ್ನು ಹಾಕಿ, ಅವುಗಳ ನಡುವೆ 3 ಅಡಿ ಜಾಗ ಬಿಡಿ. ಅದು ಗಾಲಿಕುರ್ಚಿಯ ಸ್ಥಳ; ವಿಕಲಚೇತನರು ಮೂಲೆಗೆ ಸರಿಯದೆ ಎಲ್ಲರ ನಡುವೆಯೇ ಕಾಯಬಹುದು. ಬಾಗಿಲಿನ ಎದುರಿನ ಗಿಡ್ಡ ಗೋಡೆಗೆ ಇನ್ನೊಂದು ಬೆಂಚು ಹಾಕಿ. ಮೂಲೆಯಲ್ಲಿ ಮಂಡಿಗೆ ಮಂಡಿ ತಾಗದಂತೆ ಮೂರೂವರೆ ಅಡಿ ಬಿಟ್ಟು ಅದನ್ನು ಆರಂಭಿಸಿ. ಹೀಗೆ ಒಂಬತ್ತು ಜನರಿಗೆ ಆಸನ, ಒಂದು ಗಾಲಿಕುರ್ಚಿಗೆ ಸ್ಥಳ ಆಯಿತು. ಬೆಂಚಿಗೆ ಒಂದೂವರೆ ಅಡಿ, ಚಾಚಿದ ಕಾಲುಗಳಿಗೆ ಒಂದೂವರೆ ಅಡಿ, ಕಿಟಕಿಯ ಮುಂದೆ ನಿಲ್ಲುವವರಿಗೆ 4 ಅಡಿ ಕಳೆದರೂ ನಡುವೆ 5 ಅಡಿ ತೆರವಾಗಿ ಉಳಿಯುತ್ತದೆ. ಗಾಲಿಕುರ್ಚಿ ಪೂರ್ತಿಯಾಗಿ ತಿರುಗಲು ಇಷ್ಟು ಜಾಗ ಬೇಕು. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಂತೆ ಸಾರ್ವಜನಿಕ ಕಟ್ಟಡಗಳು ಅವರಿಗೆ ಸುಗಮವಾಗಿರಬೇಕು. ಒಳಗೆ ಜಾಗ ಬಿಟ್ಟು ಹೊರಗೆ ಇಳಿಜಾರು ದಾರಿ ಇಲ್ಲದಿದ್ದರೆ ಫಲವಿಲ್ಲ; ಅದು 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದವಿರಬೇಕು.

ಆಸನಗಳನ್ನು ಎದುರುಬದುರಾಗಿ ಹತ್ತಿರ ಹತ್ತಿರ ಹಾಕಬೇಡಿ. ಅಪರಿಚಿತ ಗಂಡಸರ ಸಾಲಿಗೆ ಮುಖ ಮಾಡಿ ಕೂರಬೇಕಾದ ಕಡೆ ಹೆಣ್ಣುಮಕ್ಕಳು ಕೂರದೆ ಹೊರಗೇ ನಿಲ್ಲುತ್ತಾರೆ. ಬಾಗಿಲ ಬಳಿಯ ಬೆಂಚು ಊರಿನ ಹರಟೆಯ ಕಟ್ಟೆಯಾಗಿದ್ದರೆ ಅದನ್ನು ಹೊರ ಜಗಲಿಗೆ ಸಾಗಿಸಿ. ಅದರ ಸ್ಥಾನದಲ್ಲಿ, ಚಪ್ಪಲಿ ಬಿಡಲು ಹಾಕಲು ಅನುಕೂಲವಾಗುವಂತೆ ಕೈಯಾಸರೆಯ ಒಂದು ಗಟ್ಟಿ ಕುರ್ಚಿ ಇರಲಿ. ಎದೆಹಾಲು ಕುಡಿಸುವ ತಾಯಂದಿರಿಗೆ ಮರೆಯಿರುವ ಒಂದು ಆಸನ ಅವಶ್ಯ.

ಕುರ್ಚಿ ಖಾಲಿ, ಸಾಲು ಉದ್ದ

ಕುರ್ಚಿಗಳು ಖಾಲಿಯಿದ್ದರೂ ಜನ ಕಿಟಕಿಯ ಮುಂದೆ ಗುಂಪಾಗಿ ನಿಂತಿರುವುದನ್ನು ತಾವು ನೋಡಿರಬಹುದು. ಕೂತರೆ ಸರದಿ ತಪ್ಪೀತು ಎಂಬ ಅಂಜಿಕೆಯೇ ಇದಕ್ಕೆ ಕಾರಣ. ಬಂದ ಕ್ರಮದಲ್ಲಿ ಸಂಖ್ಯೆ ಬರೆದ ಚೀಟಿ ಕೊಟ್ಟು, ಅದೇ ಕ್ರಮದಲ್ಲಿ ಗಟ್ಟಿಯಾಗಿ ಕರೆದರೆ ಜನ ನೆಮ್ಮದಿಯಿಂದ ಕೂರುತ್ತಾರೆ. ಇದಕ್ಕೆ ಯಂತ್ರ ಬೇಡ, ರಟ್ಟಿನ ಚೀಟಿ ಸಾಕು. ಕೂತಲ್ಲಿಂದಲೇ ಸೇವಾ ಕಿಟಕಿ ಕಾಣುವಂತಿರಬೇಕು. ಸಕಾಲ ಸೇವೆಗಳ ಸ್ವೀಕೃತಿ ಪತ್ರ ನೀಡುವಾಗ ವಿಲೇವಾರಿಯ ದಿನಾಂಕವನ್ನು ಓದಿ ಹೇಳಿದರೆ, ಓದಲು ಬಾರದವರು ನಡುವೆ ವೃಥಾ ಬಂದು ಕಾಯುವುದು ತಪ್ಪುತ್ತದೆ.

ಎಲ್ಲರಿಗೂ ಒಂದೇ ಆಸನ

ಕುರ್ಚಿ ಖಾಲಿಯಿದ್ದರೂ ನೆಲದ ಮೇಲೆ, ಬಾಗಿಲಾಚೆ ಕೂರುವವರು ಇಂದಿಗೂ ಇದ್ದಾರೆ. ‘ಅವರಿಗೆ ಅದೇ ರೂಢಿ’ ಎಂದು ನಾವು ಹೇಳುವುದುಂಟು. ಆ ರೂಢಿಯ ಹಿಂದೆ ಯಾರು ಜಗಲಿ ಹತ್ತಬಹುದು, ಯಾರು ಅಂಗಳದಲ್ಲಿ ನಿಲ್ಲಬೇಕು ಎಂದು ವಿಧಿಸಿದ್ದ ದೀರ್ಘ ಕಾಲವಿದೆ. ಸಂವಿಧಾನದ 17ನೇ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ. ಮನಸ್ಸಿನ ಅಂಜಿಕೆ ಹೋಗಬೇಕಾದರೆ ಕಚೇರಿಯಲ್ಲಿ ಕೂತಿರುವವರು ಬಾಯಿಬಿಟ್ಟು ‘ಮೇಲೆ ಕೂತುಕೊಳ್ಳಿ’ ಎನ್ನಬೇಕು. ಗಣ್ಯರಿಗೆ ಮೆತ್ತನೆಯ ಕುರ್ಚಿ, ಉಳಿದವರಿಗೆ ಹಲಗೆ ಎಂಬ ಎರಡು ಬಗೆ ನಿರೀಕ್ಷಣಾ ಕೊಠಡಿಯಲ್ಲಿ ಇರಕೂಡದು. ಮೀಸಲಿಡುವುದಾದರೆ ವೃದ್ಧರು, ಗರ್ಭಿಣಿಯರು, ವಿಕಲಚೇತನರಿಗೆ ಮಾತ್ರ. ದಾನಿಗಳು ಕೊಡುವ ಬೆಂಚುಗಳನ್ನು ಸ್ವೀಕರಿಸಬಹುದು. ಅಳತೆಯನ್ನು ಮುಂಚಿತವಾಗಿಯೇ ಅವರಿಗೆ ತಿಳಿಸಿ.

ಖರೀದಿ ಮತ್ತು ನಿರ್ವಹಣೆ

ನಿರ್ಣಯದಲ್ಲಿ ಎತ್ತರ, ಆಳ, ಕೈಯಾಸರೆ, ವಸ್ತು, ಸಂಖ್ಯೆ ಇವಿಷ್ಟನ್ನೂ ನಮೂದಿಸಿ. ಖರೀದಿಯು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಹಾಗೂ ಅದರ ನಿಯಮಗಳಿಗೆ ಒಳಪಟ್ಟಿರಬೇಕು. ಪೂರ್ಣ ಖರೀದಿಗೆ ಮುನ್ನ ಒಂದು ಮಾದರಿ ತರಿಸಿ, ಊರಿನ ಇಬ್ಬರು ವೃದ್ಧರನ್ನು, ಒಬ್ಬ ವಿಕಲಚೇತನರನ್ನು ಕೂರಿಸಿ ನೋಡಿ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಸಲಹೆಯನ್ನೂ ಪಡೆಯಿರಿ. ಯಾರ ನೆರವೂ ಇಲ್ಲದೆ ಅವರು ಎದ್ದು ನಿಂತರೆ ಆ ಮಾದರಿ ಸರಿಯೆಂದು ತಿಳಿಯಿರಿ.

ಬಂದ ಆಸನಗಳಿಗೆ ಸಂಖ್ಯೆ ಬರೆದು ದಾಸ್ತಾನು ವಹಿಯಲ್ಲಿ ದಾಖಲಿಸಿ. ಮೂರು ತಿಂಗಳಿಗೊಮ್ಮೆ ಬೋಲ್ಟು, ಮೊಳೆ, ಕಾಲುಗಳನ್ನು ಪರೀಕ್ಷಿಸಿ. ಮುರಿದ ಕುರ್ಚಿಯನ್ನು ಅಂದೇ ತೆರವುಗೊಳಿಸಿ. ನಾಳೆ ಅದರ ಮೇಲೆ ಕೂರುವವರು ಅದು ಮುರಿದಿದೆಯೆಂದು ಅರಿಯದವರು.

ಮುಂದಿನ ಸಾಮಾನ್ಯ ಸಭೆಗೆ ಮೊದಲು ಪ್ರತಿಯೊಬ್ಬ ಸದಸ್ಯರೂ ಒಂದು ದಿನ ತಮ್ಮ ಕಚೇರಿಯ ನಿರೀಕ್ಷಣಾ ಕೊಠಡಿಯಲ್ಲಿ ಸಾರ್ವಜನಿಕರೊಡನೆ ಒಂದು ಗಂಟೆ ಕೂತು ಬರುವುದು ಉಚಿತ. ಏನು ಬೇಕೆಂಬುದು ಆ ಒಂದು ಗಂಟೆಯಲ್ಲಿ ತಾನಾಗಿಯೇ ತಿಳಿದುಬರುತ್ತದೆ.